ದವಡೆಹಲ್ಲು

ನಕಾಶೆ ಬಿಚ್ಚಬೇಡಿ.
ನದಿ ನಿಜದ್ದು, ಪರಾನಾ. ಊರು ನಾನು ಕಟ್ಟಿದ್ದು.

ಮೂರು ದೋಣಿ, ಎಪ್ಪತ್ತು ಜನ, ಹನ್ನೊಂದು ಕುದುರೆ,
ಹುಳು ಹಿಡಿದ ಬಿಸ್ಕತ್ತಿನ ಪೀಪಾಯಿ ಎರಡು.
ದಂಡನಾಯಕ ಗಾಸ್ಪಾರ್ ದೆ ಓಲ್ಮೆದಿಯಾನ ಎಡಗೆನ್ನೆ
ಕುಂಬಳಕಾಯಿಯಷ್ಟು ಊದಿ
ಅವನಿಗಿಂತ ಒಂದು ಹೆಜ್ಜೆ ಮುಂದೆ ದಡಕ್ಕೆ ಇಳಿಯಿತು.

ರಾಜನ ಹೆಸರಲ್ಲಿ ಹಿಡಿ ಹುಲ್ಲು ಕಿತ್ತ.
ಮರಕ್ಕೆ ಕತ್ತಿಯಿಂದ ಮೂರೇಟು ಹಾಕಿದ.
ಬೇಡವೆನ್ನುವವರಿದ್ದರೆ ಈಗಲೇ ಮುಂದೆ ಬನ್ನಿ
ಎಂದು ಸ್ಪ್ಯಾನಿಷಿನಲ್ಲಿ ಕೂಗಿದ.
ಸ್ಪ್ಯಾನಿಷ್ ಬಾರದ ಕೊಕ್ಕರೆಗಳು ಎದ್ದು ಹಾರಿದವು.
ಆಕ್ಷೇಪಣೆ ಇಲ್ಲ, ಎಂದು ಬರೆದುಕೊಂಡ
ಕರಣಿಕ ಈನ್ಯಿಗೋ ಬರ್ರಾಸಾ.

ಹೆಸರು?
ಆ ದಿನ ಯಾವ ಸಂತರದೋ ಊರೂ ಅವರದೇ, ಅದು ಪದ್ಧತಿ.
ದಿನ ಯಾವುದೆಂಬುದೇ ಜಗಳ.
ದಾರಿಯಲ್ಲಿ ಕರಣಿಕನಿಗೆ ಜ್ವರ, ಮೂರು ರಾತ್ರಿಯೋ ಆರೋ,
ಲೆಕ್ಕದ ಹಗ್ಗಕ್ಕೆ ಗಂಟು ಹಾಕುವವರಿರಲಿಲ್ಲ.
ಆರನೇ ತಾರೀಖು, ಎಂದರು ಪಾದ್ರಿ,
ದೊರೊತೇಯಾಳ ದಿನ, ಹೂಬುಟ್ಟಿಯ ಕನ್ನಿಕೆ, ಊರಿಗೆ ಒಳ್ಳೆಯದು.
ಒಂಬತ್ತು, ಎಂದ ಕರಣಿಕ. ಅಪೊಲೋನಿಯಾ.
ಹಲ್ಲು ಮುರಿಸಿಕೊಂಡು ಸತ್ತವಳು, ಹಲ್ಲುನೋವಿಗೆ ಮೊರೆ ಹೋಗುವವಳು.

ದಂಡನಾಯಕ ದವಡೆ ಒತ್ತಿ ಹಿಡಿದು
ಮೂಗಿನಲ್ಲೇ ಹೇಳಿದ:
ಒಂಬತ್ತು.

(ಪಾದ್ರಿ ಮಾತ್ರ ಸಾಯುವವರೆಗೂ
ಆರರಂದೇ ಗುಟ್ಟಾಗಿ ಒಂದು ಮೇಣದಬತ್ತಿ ಹಚ್ಚುತ್ತಿದ್ದರಂತೆ.)

ಸಂತಳಿಗೆ ಊರು ಸಿಕ್ಕಿತು. ನೋವು ಇಳಿಯಲಿಲ್ಲ.
ಮೂರನೆಯ ರಾತ್ರಿ ದಡದ ಕುಂಬಾರಗಿತ್ತಿಯೊಬ್ಬಳು ಬಂದು
ಯಾವುದೋ ತೊಗಟೆ ಅರೆದು ಒಸಡಿಗೆ ತುಂಬಿ
ಅವನ ತಲೆಯನ್ನು ಹಸಿ ಮಡಕೆಯಂತೆ
ಮೊಣಕಾಲ ನಡುವೆ ಸಿಕ್ಕಿಸಿಕೊಂಡು
ನಾರಿನ ಹುರಿಯಲ್ಲಿ ಒಂದೇ ಎಳೆತ.
ಚೌಕದ ನಟ್ಟನಡುವೆ ಗಲ್ಲುಗಂಬಕ್ಕೆ ತೋಡಿದ ಕುಳಿಯೊಳಗೆ
ಎಸೆದರು ಹಲ್ಲನ್ನು.
ಕಡಲೆ ಸಿಕ್ಕ ದಿನವೇ, ಪಾಪ.
ಖರ್ಚಿನ ಪುಸ್ತಕದಲ್ಲಿ ಅವಳು ಒಂದು ಸಾಲು:
ಹೆಂಗಸಿಗೆ, ಕತ್ತರಿ ಒಂದು.

ಮುಂದೆ ಎರಡು ಸಲ ನೆರೆ ಬಂತು.
ಎರಡು ಸಲ ಊರು ದಿಬ್ಬ ಹತ್ತಿ ಕೂತಿತು,
ಗಂಟೆ, ಗಂಬ, ಹೆಸರು ಎಲ್ಲ ಹೊತ್ತುಕೊಂಡು.
ಹಲ್ಲು ಕೆಸರಲ್ಲೇ.

ಸಾಂತಾ ಅಪೊಲೋನಿಯಾ ದೆ ಲಾ ವೆರಾ ಕ್ರೂಸ್ ದೆಲ್ ಪರಾನಾ.
ಇಷ್ಟುದ್ದ ಯಾರು ಕೂಗುತ್ತಾರೆ, ಅದೂ ಉಗಿಹಡಗು ಹೊರಡುವಾಗ?
ಮೊದಲು ಬಾಲ ಉದುರಿತು, ಆಮೇಲೆ ಸಾಂತಾ,
ಕೊನೆಗೆ ಬಾಯ ಮುಂದಿದ್ದ ಅ.
ಹಮಾಲರ ನಾಲಗೆಯಲ್ಲಿ ಉಳಿದದ್ದು
ಪೊಲೋನಿಯಾ! ಪೊಲೋನಿಯಾ!

ಹಾಗೆಂದರೆ ಅಲ್ಲಿಯ ಮಾತಿನಲ್ಲಿ ಪೋಲೆಂಡ್ ದೇಶ.
ಮುನ್ನೂರು ಚಿಲ್ಲರೆ ವರ್ಷ ಕಳೆದು ಒಂದು ನಸುಕಿನಲ್ಲಿ
ಇನ್ನೆಲ್ಲಿಗೋ ಚೀಟಿ ಕೊಂಡಿದ್ದ ಬ್ರೊನಿಸ್ಲಾವಾ
ಡೆಕ್ಕಿನ ಮೇಲೆ ನಿದ್ದೆಗಣ್ಣಲ್ಲಿ ಆ ಕೂಗು ಕೇಳಿ
ಎರಡು ಮಕ್ಕಳನ್ನೂ ಗರಿಯ ಹಾಸಿಗೆಯ ಗಂಟನ್ನೂ ಎತ್ತಿಕೊಂಡು
ದಡಬಡ ಇಳಿದೇಬಿಟ್ಟಳು.
ಹಡಗು ತಿರುವು ದಾಟಿದ ಮೇಲೆ ಗೊತ್ತಾಯಿತು.
ಬದುಕಿದ್ದಷ್ಟು ದಿನವೂ ತಪ್ಪಾಯಿತು ಎನ್ನಲಿಲ್ಲ.
ಹೆಸರು ಹಿಡಿದು ಕರೆದರು, ಬಂದೆ, ಅನ್ನುತ್ತಿದ್ದಳು
ಎಲೆಕೋಸು ಹೆಚ್ಚುತ್ತ.

ಕುಂಬಾರಗಿತ್ತಿ ಆ ದಡವನ್ನು ಏನೆಂದು ಕರೆಯುತ್ತಿದ್ದಳು?
ಕೇಳಿದವರಿಲ್ಲ.
ನದಿ ಇಳಿದ ತಿಂಗಳಲ್ಲಿ ತಗ್ಗಿನ ಕೇರಿಯ ಹೆಂಗಸರು
ಬುಟ್ಟಿ ಹಿಡಿದು ಹಳೇ ಊರ ಕಡೆ ಹೊರಟಾಗ
ಎಲ್ಲಿಗೆ ಎಂದರೆ "ಞೈಯುಂ" ಎನ್ನುತ್ತಾರೆ.
ಗ್ವಾರಾನಿಯಲ್ಲಿ ಅದು ಮಡಕೆಯ ಕಪ್ಪು ಜೇಡಿ, ಅಷ್ಟೇ.

ಬರೆಯಲು ಅಕ್ಷರ ಹುಡುಕಿದೆ.
ಒಂದನೇ ತರಗತಿಯ ಹಲಗೆ ದಾಟಿದ ಮೇಲೆ
ಈ ಞ ಒಂಟಿಯಾಗಿ ನನಗೆಲ್ಲೂ ಎದುರಾಗಿರಲಿಲ್ಲ,
ಜ್ಞಾನದ ಕಾಲಡಿ ಒತ್ತಾಗಿ
ಮಡಚಿಕೊಂಡು ಕೂತದ್ದು ಬಿಟ್ಟರೆ.
ಹುರಿ ಕಟ್ಟಿ ಎಳೆದೆ.
ಬೇರು ಸಮೇತ ಬಂತು.