ಮೂಳ ಗಾವ

ಬೀಡಿ ಕಾಮಗಾರರ ಮನಿ ಅರ್ಜಿಯೊಳಗ
ನಾಕನೇ ಖಾನೆ: ಮೂಳ ಗಾವ.
ಕ್ಲಾರ್ಕ್ ಪೆನ್ನೆತ್ತಿ ಹಿಡಿದು ಮರಾಠಿಯೊಳಗ ಕೇಳತಾನ,
ನಾ ಕನ್ನಡದಾಗ ಒಂದು ಉಸಿರು ಎಳಕೊಂಡು
ಮರಾಠಿಯೊಳಗ ಹೇಳತೀನಿ:
ಸೋಲಾಪುರ, ಸಾಹೇಬ್ರ.
ಹುಟ್ಟಿದ್ದಲ್ಲ ಬಾಯಿ, ಮೂಳ. ಬೇರು.

ಆಯಿ ಇದ್ದಾಗ ಈ ಶಬ್ದ ಕೇಳಿ ನಗತಿದ್ದಳು.
‘ಗೌಡ ನನ್ನ ಮೂಳಿ ಅಂತಿದ್ದ,
ಸರಕಾರನೂ ಹಂಗ ಅಂದ್ರ ಹೊಸದೇನೈತಿ?’

ತಾಡಹಳ್ಳಿ. ಹೊಳಿ ಆಚಿ ದಂಡಿ, ನಿಜಾಮನ ರಾಜ್ಯ.
ರಜಾಕಾರರು ಬಂದರಂತ ಒಂದು ರಾತ್ರಿ
ಗೌಡ ಎರಡು ಬಂಡಿ ಹೂಡಿಸಿದ,
ಒಂದರಾಗ ಹೆಂಡರು ಮಕ್ಕಳು, ಇನ್ನೊಂದರಾಗ ಜ್ವಾಳ.
ನಮ್ಮಾಯಿ ಭೌರವ್ವ ಬಂಡಿ ಹಿಂದ ನಡದಳು,
ಬಗಲಾಗ ನಮ್ಮಪ್ಪ,
ಗೌಡನ ಹಗೇವು ಮುಚ್ಚಿದ ಮಣ್ಣು
ಉಗುರಾಗ ಇನ್ನೂ ಹಸಿ.
ಬೋರಿ ಹೊಳಿ ಟೊಂಕದಮಟ.
ಅಂಜಿಕಿ ಎಲ್ಲಾರಿಗೂ ಒಂದೇ ಇತ್ತಂತ,
ತೊಯ್ದದ್ದು ಮಾತ್ರ ನಡದವರು.

ಕ್ಯಾಂಪಿನ್ಯಾಗೂ ಗೌಡಗ ಬ್ಯಾರೆ ಡೇರೆ.

ಆರು ತಿಂಗಳಿಗೆ ನಿಜಾಮಶಾಹಿ ಮುಗೀತು.
ಗೌಡ ಹಳ್ಳಿಗಿ ತಿರುಗಿದ, ಬಂಡಿ ಮೂರಾಗಿದ್ದವು.
ಆಯಿನೂ ಹೋಗಿ ನೋಡಿದಳು:
ಗುಡಿಸಲ ಇದ್ದಲ್ಲಿ ಮೊಣಕಾಲೆತ್ತರ ತೊಗರಿ,
ಬಾಂದು ನಾಕು ಮಾರು ಈಚಿಗಿ ಸರದು
ಅಲ್ಲೇ ಹುಟ್ಟಿದವರಂಗ ಕೂತಿತ್ತು.
‘ರಾಜ ಹೋದನಲ್ರೀ?’ ಅಂದ್ಳು.
‘ಹೋದ್ರ?’ ಅಂದ ಗೌಡ.
ಇಷ್ಟ ಆಕಿ ಹೇಳೂ ಇತಿಹಾಸ. ಮತ್ತ ಕೇಳಿದ್ರ
ಎಲಿ ತೊಯ್ಸು ಹೋಗ, ಅಂತಿದ್ದಳು.

ಹಿಂಗಾಗಿ ಸೋಲಾಪುರ.
ಮಿಲ್ಲಿನ ಭೋಂಗಾಕ್ಕ ಏಳೂದು, ಭೋಂಗಾಕ್ಕ ಮಲಗೂದು,
ಹತ್ತು ಮನಿಗಿ ಒಂದು ನಳ.
ಒಂದಿನ ಆ ಸರತಿಯೊಳಗ, ತನ್ನ ಮುಂದ
ಸೆರಗು ಹಣಿಮಟ ಎಳದು ನಿಂತಾಕಿ
ಕೆಮ್ಮಿದಳು. ಆ ಕೆಮ್ಮು ಆಯಿಗಿ ಗುರತು.
ತಾಡಹಳ್ಳಿ ಪಿಂಜಾರ ಮಲಂಗಸಾಬನ ಸೊಸಿ, ದಾವಲಬಿ.
ಗೌಡ ಮಲಗೂ ಗಾದಿಯ ಅರಳಿ ಬಡದು ಬಡದು
ಎದಿಯೊಳಗ ಹತ್ತಿ ತುಂಬಿಕೊಂಡಾಕಿ.

‘ನಿಮ್ಮವರಿಗಿ ಅಂಜಿ ಓಡಿ ಬಂದೆ ನಾ’ ಅಂದ್ಳು ಆಯಿ.
‘ನಿಮ್ಮವರಿಗಿ ಅಂಜಿ ನಾನೂ.
ನೀ ದಾಟಿದ ಹೊಳಿನ, ಹೊಳಿ ತುಂಬಿತ್ತು.
ಮಾವ ದಾಟಲಿಲ್ಲ.’
ಅಷ್ಟರಾಗ ನೀರು ಬಂತು.
ಯಾರ ಕೊಡ ಮೊದಲು ಅಂತ
ಇಬ್ಬರೂ ಕೂದಲ ಹಿಡಕೊಂಡು ಜಗಳಾಡಿದರು.

ಮುಂದ ಮಿಲ್ಲಿನ ಬಾಗಿಲಿಗಿ ಕೀಲಿ ಬಿತ್ತು.
ಗಂಡಸರು ಕಟ್ಟಿಮ್ಯಾಲ ಕೂತು
ಊದಲಾರದ ಭೋಂಗಾ ಕೇಳಿಸಿಕೊಳ್ಳತಿದ್ದರು.
ದಾವಲಬಿ ಆಯಿಗಿ ಎಲಿ ಕತ್ತರಿಸೂದು ಕಲಿಸಿದಳು,
ಆಯಿ ಅವ್ವಗ, ಅವ್ವ ನನಗ:
ಚಿಟಿಕಿ ತಂಬಾಕು, ಒಂದು ಸುತ್ತು, ಬಾಯಿ ಮಡಚು, ದಾರ.
ಸಾವಿರ ಕಟ್ಟಿದ್ರ ಸಾವಿರ ಅಲ್ಲ,
ಕಾರಖಾನೆಯಾಂವ ಒಂದು ಮುಷ್ಟಿ ಛಾಟ ಅಂತ ತಗೀತಾನ,
ತಗದದ್ದನ್ನ ಒಗಿಯೂದಿಲ್ಲ, ತನ್ನ ಕಿಸೆದಾಗ ಇಟಗೋತಾನ.
ಬಾಂದು ಎಲ್ಲಿ ಬೇಕಾದಲ್ಲಿ ಸರಿಯತೈತಿ.

ಸುಳ್ಳು ಯಾಕ ಹೇಳ್ಲಿ.
ನಿನ್ನೆ, ಟಾವೆಲ್ ಕಾರಖಾನೆಗೆ ಬಿಹಾರದಿಂದ ಬಂದ ಹುಡುಗ
ನಳದ ಮುಂದ ಬಕೇಟು ಇಟ್ಟ.
ನಾನ ಅಂದೆ: ‘ಹೊರಗಿನ ಮಂದಿದು ಕಡೀಕ.’
ಭಾಷಾ ತಿಳೀಲಿಲ್ಲ ಅವಗ, ಅರ್ಥ ತಿಳೀತು.
ಬಕೇಟು ಎತ್ತಿಕೊಂಡು ಹಿಂದ ಸರದ,
ನಾಕು ಮಾರು.

‘ಲವಕರ್ ಸಾಂಗಾ ಬಾಯಿ’ ಅಂತಾನ ಕ್ಲಾರ್ಕ್.
ನನ್ನ ಹಿಂದ ಸರತಿ ರಸ್ತೆಮಟ ಐತಿ.
ಆತ ಕಾಯಲಿಲ್ಲ, ಖಾನೆಯೊಳಗ
ಒಂದು ಅಡ್ಡಗೆರಿ ಎಳದುಬಿಟ್ಟ.

ಐದನೇ ಖಾನೆ: ಮನಿಯೊಳಗ ಮಂದಿ ಎಷ್ಟು?
ಆರು ಅನ್ನಾಕ ಹೋಗಿ ನಿಂತೀನಿ.
ದಾವಲಬಿಯ ಮೊಮ್ಮಗಳು ಮಕ್ಕಳನ್ನ ಕರಕೊಂಡು
ನಮ್ಮ ಪಡಸಾಲಿಯೊಳಗ ಮಲಗತಾಳ, ಎರಡು ವರ್ಷ ಆತು.
ಆಕಿ ಹೆಸರು ಹೇಳಿದ್ರ ಮನಿ ಸಿಕ್ಕೀತೋ ತಪ್ಪೀತೋ.
ಬೆರಳು ಮಡಚಿಕೋತ ನಿಂತೀನಿ,
ತಂಬಾಕಿನ ಬೆರಳು.