ಕಸರಿಲ್ಲದ ಚೀಟಿ

ಇಟ್ಟಿಗೆಗೂಡಿನ ನಮ್ಮ ಬೀದಿಯಲ್ಲಿ
ಪ್ರತಿ ತಿಂಗಳ ಹತ್ತನೇ ತಾರೀಖು ಸಂಜೆ ಆರಕ್ಕೆ
ಪುಟ್ಟನಂಜಮ್ಮನ ಜಗಲಿಯಲ್ಲಿ ಚೀಟಿ.
ಇಪ್ಪತ್ತು ಹೆಂಗಸರು, ತಲೆಗೆ ಎರಡೂವರೆ ಸಾವಿರ,
ಒಂದು ಉದ್ದನೆಯ ಪುಸ್ತಕ, ದಾರ ಕಟ್ಟಿದ ಪೆನ್ನು.
ಯಾರಿಗೆ ಅವಸರವೋ ಅವರು ಕೂಗುತ್ತಾರೆ:
ನಾಲ್ಕು ಬಿಟ್ಟೆ, ಐದು ಬಿಟ್ಟೆ, ಏಳು ಬಿಟ್ಟೆ.
ಅವರು ಬಿಟ್ಟದ್ದು ನಮಗೆ ಕಸರು.
ಒಬ್ಬಳ ಅವಸರವನ್ನು ನಾವೆಲ್ಲ ಹಂಚಿಕೊಳ್ಳುತ್ತಿದ್ದೇವೆಂದು
ಯಾವತ್ತೂ ಅನಿಸಿರಲಿಲ್ಲ.
ಕಸರು ಜಾಸ್ತಿ ಬಂದ ತಿಂಗಳು ಮಕ್ಕಳಿಗೆ ಗೋಬಿ.

ಅವತ್ತು ನಾನು ಎಂಟಕ್ಕೆ ಕೂಗಬೇಕೆಂದೇ ಹೋಗಿದ್ದೆ.
ಓವರ್‌ಲಾಕ್ ಮೆಷಿನ್ನಿಗೆ ಮುಂಗಡ.
ಅಂಗಡಿಯವನು ಶನಿವಾರದ ತನಕ ಎತ್ತಿಟ್ಟಿರ್ತೀನಿ ಅಂದಿದ್ದ.
ದಾರಿಯುದ್ದಕ್ಕೂ ಬಾಯೊಳಗೆ ಎಂಟು, ಎಂಟು,
ತೀರಾ ಆದರೆ ಎಂಟೂವರೆ.

ಚೆಲುವಾಜಮ್ಮ ಆಗಲೇ ಬಂದು ಕೂತಿದ್ದಳು,
ಜಗಲಿಯ ಮೇಲಲ್ಲ, ಕೆಳಗೆ, ಚಪ್ಪಲಿಗಳ ಪಕ್ಕ.
ಅವಳ ಗಂಡ ಸಿದ್ದಪ್ಪಾಜಿ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೋನೆಟ್ಟು.
ನನ್ನ ಮದುವೆಗೂ ಊದಿದವನು, ಕೆನ್ನೆ ಬಲೂನು ಮಾಡಿಕೊಂಡು.
ಈಗ ಅದೇ ಕೆನ್ನೆಯೊಳಗೆ ಗಡ್ಡೆ.
ಕಾರ್ಡಿನಲ್ಲಿ ಆಗುವಷ್ಟು ಆಯಿತು.
ಆಗದ್ದು:
ಒಂದು ಸ್ಕ್ಯಾನು, ಹೊರಗಿನಿಂದ ತರಬೇಕಾದ ಇಂಜೆಕ್ಷನ್ನು,
ಮೂಗಿನ ಪೈಪಿಗೆ ಕದಡಿ ಬಿಡುವ ಹಿಟ್ಟು, ಆಟೋ.
ಅವಳು ಬಾಯಿ ಬಿಡಲಿಲ್ಲ, ಮಡಿಲಲ್ಲಿದ್ದ ಔಷಧಿ ಚೀಟಿಗಳು ಹೇಳಿದವು.
ಅವೂ ಚೀಟಿಗಳೇ ನೋಡಿ,
ಮಡಿಸಿ ಬಿಚ್ಚಿ ಬಟ್ಟೆಯ ಹಾಗೆ ಮೆತ್ತಗಾಗಿದ್ದವು.

ಫೋಟೋ ಅಂಟಿಸಿದ ಡಬ್ಬ ಹಿಡಿದು
ಸರ್ಕಲ್ಲಿನಲ್ಲಿ ನಿಲ್ತೀವಿ ಎಂದ ಬ್ಯಾಂಡಿನ ಹುಡುಗರಿಗೆ
‘ಅವ್ರು ಇನ್ನೂ ಬದುಕವ್ರೆ ಕಣ್ರಪ್ಪ’ ಅಂದಳಂತೆ.

ಪುಟ್ಟನಂಜಮ್ಮ ಪುಸ್ತಕ ಬಿಚ್ಚಿದಳು. ‘ಕೂಗ್ರಮ್ಮ.’
‘ಹತ್ತು’ ಎಂದಳು ಚೆಲುವಾಜಮ್ಮ, ಕೆಳಗಿನಿಂದ.
‘ನೀನು ಸುಮ್ನಿರು. ಮೊದ್ಲು ಬೇರೆಯವ್ರು ಕೂಗ್ಲಿ.
ಯಾರೂ ಇಲ್ದಿದ್ರೆ ನಿಂಗೆ ಬಿಡೋದೇನು ಬಂತು?’

ಮಗಳ ಬಾಣಂತನ ಹತ್ತಿರವಿದ್ದ ಶಮೀಮ್‌ಬಾನು
ಗೋಡೆಯ ಕ್ಯಾಲೆಂಡರು ನೋಡಿದಳು.
ಲೂರ್ದಮ್ಮ ಕೊಡೆ ಬಿಚ್ಚಿದಳು, ಮಡಿಸಿದಳು.
ನನ್ನ ನಾಲಿಗೆಯ ಮೇಲೆ ಎಂಟು,
ಪೆಪ್ಪರಮಿಂಟಿನ ಹಾಗೆ. ಕರಗಲಿ ಎಂದು ಕಾದೆ.
ಸುಳ್ಳು ಯಾಕೆ,
ಯಾರಾದರೊಬ್ಬರು ಕೂಗಿಬಿಟ್ಟರೆ ನಾನೂ ಕೂಗಬಹುದು
ಎಂದೂ ಕಾದೆ.

ಆಗ ಝೂ ಕಡೆಯಿಂದ ನವಿಲೊಂದು ಕೂಗಿತು,
ಎರಡು ಸಲ, ಜೋರಾಗಿ.
‘ಅದ್ರದ್ದು ಲೆಕ್ಕಕ್ಕಿಲ್ಲ, ಕಂತು ಕಟ್ಟಿಲ್ಲ ಅದು’
ಎಂದಳು ಪುಟ್ಟನಂಜಮ್ಮ, ಪುಸ್ತಕದಿಂದ ತಲೆಯೆತ್ತದೆ.
ಇಡೀ ಜಗಲಿ ನಕ್ಕಿತು.
ಚೆಲುವಾಜಮ್ಮನೂ, ಸೆರಗು ಬಾಯಿಗೊತ್ತಿ.
ನಗು ಮುಗಿಯುವುದರೊಳಗೆ
ಒಂದು ಸಾರಿ, ಎರಡು ಸಾರಿ, ಮೂರು ಸಾರಿ
ಆಗಿಹೋಗಿತ್ತು.
ಕಸರಿನ ಮನೆಯಲ್ಲಿ ಸೊನ್ನೆ.
ಬರೆದು, ಅದರ ಮೇಲೇ ಇನ್ನೊಮ್ಮೆ ತಿದ್ದಿದಳು.

‘ಇನ್ನು ಕಂತು ಎಲ್ಲಿಂದ ಕಟ್ತಾಳೋ’
ಮನೆಗೆ ಬರುವಾಗ ಬೆನ್ನ ಹಿಂದೆ ಯಾರೋ ಅಂದರು.
ತಿರುಗಿ ನೋಡಲಿಲ್ಲ.
ನನ್ನದೇ ದನಿ ಇದ್ದರೂ ಇದ್ದೀತು.

ಮತ್ತೆ ಹತ್ತನೇ ತಾರೀಖು.
ಕರ್ಚೀಫಿನ ಗಂಟು ಬಿಚ್ಚಿ ಸುರಿದಳು:
ಹತ್ತರವು, ಇಪ್ಪತ್ತರವು, ಅಂಚಿಗೆಲ್ಲ ಅರಿಶಿನ.
ಮೆರವಣಿಗೆಯಲ್ಲಿ ಗಂಡಿಗೆ ನಿವಾಳಿಸಿ ಎಸೆದ ನೋಟುಗಳು,
ಒಂದು ತಿಂಗಳ ಮದುವೆಗಳದ್ದು,
ಬ್ಯಾಂಡಿನ ಹುಡುಗರು ಹಂಚಿಕೊಳ್ಳದೆ ಎತ್ತಿಟ್ಟಿದ್ದವು.
‘ಹೆಂಗವ್ರೆ?’ ಎಂದೆ.
‘ಸೀಟಿ ಹೊಡೆಯೋಕೆ ನೋಡ್ತಾರೆ. ಬರೀ ಗಾಳಿ ಬತ್ತದೆ.’

ಪುಟ್ಟನಂಜಮ್ಮನಿಗೆ ಕಣ್ಣು ಮಂಜು, ಎಣಿಸುವ ಕೆಲಸ ನನ್ನದು.
ಇರಲಿ ಬಿಡು ಎಂದು ಹಾಗೇ ಸರಿಸಲು ಹೋದೆ.
‘ಎಣಿಸ್ಕೊ ಅಕ್ಕ’ ಎಂದಳು, ಸ್ವಲ್ಪ ಗಟ್ಟಿಯಾಗಿ.

ಎಣಿಸಿದೆ.
ಹೆಬ್ಬೆರಳಿಗೆ ಉಗುಳು ಹಚ್ಚಿ, ಎಲ್ಲರಿಗೂ ಕಾಣುವ ಹಾಗೆ,
ಒಂದೊಂದೇ.
ಎರಡು ಸಾವಿರದ ನಾನೂರ ತೊಂಬತ್ತು.
‘ಹತ್ತು ಕಮ್ಮಿ’ ಎಂದೆ.

ಸೊಂಟದ ಚೀಲ ತಡಕಿ
ಹತ್ತರ ನಾಣ್ಯ ತೆಗೆದು ಕೊಟ್ಟಳು.
ಅವಳ ಹೆಸರಿನ ಮುಂದೆ, ಎಲ್ಲರಿಗೂ ಹಾಕುವಂತೆ,
ಒಂದು ರೈಟು ಹಾಕಿದೆ.