ಬಳಸುವಾಗ ಮಾತ್ರ

ಸಾಬಣ್ಣ ಫೋನ್ ಕೊಟ್ಟು ಅಂದ:
ಚಾರ್ಜ್ ನಿಲ್ಲವಲ್ದು ಅಕ್ಕಾ, ಹೊಸಾ ಬ್ಯಾಟರಿ ಹಾಕಿಬಿಡು.

ಯಾದಗಿರಿ ಟೇಶನ್ ಎದುರಿಗಿ ನನ್ನ ಅಂಗಡಿ, ನಾಲ್ಕು ಮೊಳ ಅಗಲ.
ಒಂದು ಸ್ಟೂಲು, ಒಂದು ಭೂತಗನ್ನಡಿ.
ಗಾಡಿ ಬಂದ್ರ ಡಬ್ಬಿಯೊಳಗಿನ ಸ್ಕ್ರೂ
ತಾವೇ ಎದ್ದು ಕುಣೀತಾವ.
ಬೋರ್ಡಿನ ಮ್ಯಾಲ ಇನ್ನೂ ಮೈದುನನ ಹೆಸರದ.

ಬ್ಯಾಟರಿ ಚಲೋನೇ ಇತ್ತು.
ಇನ್ನೂರು ರೂಪಾಯಿ ಲಾಭ ಕೈಬಿಟ್ಟು ಸೆಟ್ಟಿಂಗ್ಸ್ ತೆಗೆದೆ.
ತಿನ್ನಾಕತ್ತಿದ್ದು ಒಂದೇ ಆ್ಯಪು, ಹಳದಿ ನಾಣ್ಯದ ಚಿತ್ರದ್ದು.
ಕಾಯಿನ್ ವ್ಯಾಪಾರ ಏನಪಾ?
ಸಣ್ಣದು, ಅಂದ,
ಬೆನ್ನ ಹಿಂದ ಬೀಡಿ ಮುಚ್ಚಿಟ್ಟ ಹುಡುಗನಂಗ.

ಜಿನ್ನಿಂಗ್ ಮಿಲ್ಲಿನ ವೇಬ್ರಿಜ್ಜಿನ್ಯಾಗ
ಹದಿನಾಲ್ಕು ವರ್ಷ ಲಾರಿ ತೂಗಿದವ ಇವ.
ಹತ್ತಿ ತುಂಬಿದಾಗ ಒಮ್ಮೆ, ಖಾಲಿ ಆದ ಮ್ಯಾಲ ಒಮ್ಮೆ,
ಕಳೆದು ಉಳಿದದ್ದಷ್ಟೇ ಖರೆ ಅಂತ ಚೀಟಿ ಹರಿದವ.
ಈಗ ತೂಕಾನೇ ಇಲ್ಲದ ನಾಣ್ಯ ಕೊಂಡಾನ.
ರಾತ್ರಿ ಏರತದಂತ,
ಬೆಳಕು ಹರಿಯೋದ್ರಾಗ ಇಳೀತದಂತ.

ಅನುಮತಿಗಳ ಪಟ್ಟಿ ಬಿಚ್ಚಿದೆ.
ಜಾಗ: ಯಾವಾಗಲೂ.
ಸಂಪರ್ಕ, ಮೆಸೇಜು, ಮೈಕು,
ಕೇಳಿದ್ದಕ್ಕೆಲ್ಲ ಹೂಂ ಅಂದಾನ,
ಬೀಗರ ಮುಂದ ಕುಂತ ಹೆಣ್ಣಿನಪ್ಪನಂಗ.
ಯಾಕ ಕೊಟ್ಟಿ?
ಕೊಡಲಿಲ್ಲಂದ್ರ ಒಳಗ ಬಿಡಂಗಿಲ್ಲ ಅಕ್ಕಾ.

ಇನ್ನೊಂದು ಸಾಲು ಒತ್ತಿದೆ.
ನಿನ್ನೆ ರಾತ್ರಿ ಮೂರು ಹನ್ನೆರಡಕ್ಕ
ಮೈಕು ತಗೊಂಡದ. ಆರು ನಿಮಿಷ.
ತೋರಿಸಿದೆ. ಓದಿದ. ಬೆರಳಿಟ್ಟು ಮತ್ತೊಮ್ಮೆ ಓದಿದ.
ಆ ಹೊತ್ತಿನ್ಯಾಗ ಯಾರ ಕೂಡ ಮಾತಾಡಿದಿ?
ಅವ ಟೇಶನ್ ಕಡಿಗಿ ಮಾರಿ ತಿರುವಿದ.
ಮಾತಲ್ಲ, ಅಂದ.
ಬಾಳ ಇಳಿದಿತ್ತು ನಿನ್ನೆ.
ಚಂದಮ್ಮಗ ಎಚ್ಚರಾಗಬಾರದಂತ
ಬಚ್ಚಲದಾಗ ನಳಾ ಬಿಟ್ಕೊಂಡು ಕುಂತಿದ್ದೆ.

ನಳದ ನೀರಿನ ಕೆಳಗಿನ ದನಿ
ಯಾವುದೋ ದೇಶದ ಮಿಷಿನ್ನು ಕೇಳಿರಬೇಕು.
ಗ್ವಾಡಿ ಆಚಿಗಿದ್ದಾಕಿಗಿ ಕೇಳಿಲ್ಲ.

ಒಂದೊಂದೇ ಬಂದ್ ಮಾಡಿದೆ.
ಸಂಪರ್ಕದಾಗ ಇನ್ನೂರ ಹನ್ನೊಂದು ಮಂದಿ:
ಶೇಂಗಾ ಮಲ್ಲಪ್ಪ, ಸಣ್ಣಾಕಿ ಟೀಚರು,
‘ಎತ್ತಬ್ಯಾಡ’ ಅಂತ ಒಬ್ಬ, ‘ಇವಂದೂ ಎತ್ತಬ್ಯಾಡ’ ಅಂತ ಇನ್ನೊಬ್ಬ.
ಎಲ್ಲಾರೂ ಸಂತಿಗಿ ಹೋಗಿ ಬಂದಾರ,
ಅವರಿಗೇ ಸುದ್ದಿಲ್ಲ.

ಮೈಕು ಮುಚ್ಚಿದ್ರ ರೇಟು ಬೀಳಂಗಿಲ್ಲಲ್ಲ? ಕೇಳಿದ.
ನಗು ಬಂತು. ಸ್ಕ್ರೂ ಡಬ್ಬಿ ಅಲುಗಿಸಿದೆ.

ಜಾಗದ ಹತ್ರ ಬಂದು ನನ್ನ ಬೆರಳು ನಿಂತಿತು.
ಯಾವಾಗಲೂ.
ಆ್ಯಪ್ ಬಳಸುವಾಗ ಮಾತ್ರ.
ಪ್ರತಿ ಸಲ ಕೇಳು.

ಬಳಸುವಾಗ ಮಾತ್ರ ಅಂದ್ರ ನಮ್ಮಣ್ಣ, ಅದು ಗೊತ್ತದ ನನಗ.
ಪ್ರತಿ ಸಲ ಕೇಳೂದು ನನ್ನ ಪಾಲಿನ ಕೆಲಸಿತ್ತು.
ಈ ಅಂಗಡಿ ತೆಗೀಲಾಕ ಮಾವಗ ಕೇಳಿದೆ, ಗಂಡಗ ಕೇಳಿದೆ,
ಬಾಡಿಗಿ ಕೊಡೂ ಮಾಲೀಕ ಸುದ್ದಾ
‘ಮನ್ಯಾಗ ಕೇಳಿರೇನಮಾ?’ ಅಂದ.
ನನ್ನ ಕೇಳಿ ಒಳಗ ಬಂದದ್ದು ಏನದ?
ಬೆಳಿಗ್ಗೆ ಗಾಡಿಯ ಧೂಳು? ಅದೂ ಕೇಳಂಗಿಲ್ಲ.

ಕಡೀದೇ ಒತ್ತಿ ಫೋನ್ ಕೊಟ್ಟೆ.
ಎಷ್ಟಾತು? ಬ್ಯಾಟರಿ ಹಾಕಿಲ್ಲಲ್ಲಪಾ, ಏನು ತಗೊಳ್ಳಿ.
ಆದ್ರೂ ಗಾಜಿನ ಕೆಳಗ ಇಪ್ಪತ್ತು ರೂಪಾಯಿ ಸರಿಸಿ ಹ್ವಾದ.

ಸಂಜಿಕಿ ಮತ್ತ ಬಂದ,
ಹಸಿ ತತ್ತಿ ಹಿಡಿದಂಗ ಫೋನ್ ಹಿಡಕೊಂಡು.
ಅಕ್ಕಾ, ಅದು ಕೇಳಾಕತ್ತದ.
ಏನಂತ?
ಎಲ್ಲಿದ್ದಿ ಅಂತ.
ನೀ ಏನಂದಿ?

ಹೆಬ್ಬೆರಳು ಗಾಜಿಗಿ ತಾಗದಂಗ ಎತ್ತಿ ಹಿಡಿದು
ಬಾಳ ಹೊತ್ತು ನಿಂತ.
ತಡಿ ಅಂದೀನಿ.
ಮನ್ಯಾಗ ಕೇಳಿ ಹೇಳ್ತೀನಿ ಅಂದೀನಿ.